ಗೋಡೆಯ ಮೇಲೆ ಬರೆದ ನಲ್ಲಿ

ಆ ಕಟ್ಟಡದವರು ಅವಳಿಗೆ ಒಂದು ನಲ್ಲಿ ಬಾಕಿ ಉಳಿಸಿಕೊಂಡಿದ್ದಾರೆ. ಸಂಬಳದ ಮಾತಲ್ಲ, ಸಂಬಳ ಕುಂಟುತ್ತಾ ತೆವಳುತ್ತಾ ಹೇಗೋ ಬಂದು ಸೇರುತ್ತದೆ. ಇದು ನಲ್ಲಿಯ ಮಾತು. ಕುಡಿಯುವ ನೀರಿನ ಒಂದೇ ಒಂದು ನಲ್ಲಿ, ಅದರಡಿ ಲೋಟ ಹಿಡಿಯುವಷ್ಟು ಜಾಗ. ಕೇಳಿದ್ದು ಇಷ್ಟೇ. ಕೊಡುತ್ತೇವೆಂದು ಎಲ್ಲರ ಎದುರು ತಲೆಯಾಡಿಸಿದವರು ಇನ್ನೂ ಕೊಟ್ಟಿಲ್ಲ.

ಅಲ್ಲಿ ಅವಳನ್ನು ಎಲ್ಲರೂ ಬಾಟಲಿ ಅಕ್ಕ ಎನ್ನುತ್ತಾರೆ. ಸಂಶೋಧನೆಯ ದೊಡ್ಡ ಕಟ್ಟಡ, ಅದರ ನೆಲಮಾಳಿಗೆಯಲ್ಲಿ ಗಾಜು ತೊಳೆಯುವ ಕೆಲಸ ಅವಳದು. ಮೇಲಿನ ಮಹಡಿಗಳಲ್ಲಿ ಜೀವಕೋಶಗಳನ್ನು ಸಾಕುತ್ತಾರೆ. ಕೋಳಿ ಸಾಕಿದ ಹಾಗೆಯೇ ಸಾಕಣೆ: ಬೆಚ್ಚನೆಯ ಪೆಟ್ಟಿಗೆ, ಹೊತ್ತುಹೊತ್ತಿಗೆ ಊಟ, ಗಾಳಿ ಸೋಕದ ಹಾಗೆ ಆರೈಕೆ. ಸಾಕಿದ ಮೇಲೆ ಗಲೀಜು ಬಾಚುವವರು ಬೇಕಲ್ಲ? ಅದಕ್ಕೆ ಅವಳು.

ಹುಟ್ಟಿದಾಗಿನಿಂದ ಅವಳ ಕೈ ಒಣಗಿದ್ದೇ ಇಲ್ಲ. ಚಿಕ್ಕವಳಿದ್ದಾಗ ತಾಯಿಯ ಜೊತೆ ಪರರ ಮನೆಯ ಪಾತ್ರೆ, ಆಮೇಲೆ ಹೋಟೆಲಿನ ಹಿತ್ತಲಲ್ಲಿ ತಟ್ಟೆ, ಮದುವೆಯಾದ ಮೇಲೆ ಆಸ್ಪತ್ರೆಯ ಬಟ್ಟೆ. ಜನರ ಎಂಜಲು, ಜನರ ವಾಂತಿ, ಜನರ ರಕ್ತ, ಎಲ್ಲವನ್ನೂ ಕಂಡ ಕೈ. ಅಸಹ್ಯ ಅವಳಿಗೆ ಹಳೇ ನೆಂಟ. ಬಾ ಎಂದು ಕರೆದು ಕೂರಿಸುವುದಿಲ್ಲ, ಆದರೆ ಮುಖದ ಮೇಲೆ ಬಾಗಿಲು ಹಾಕುವ ಹಾಗೂ ಇಲ್ಲ. ಬಂತು, ಕೂತಿತು, ಇರಲಿ ಎಂದು ಕೆಲಸ ಮಾಡುವುದು.

ಆದರೂ ಈ ಕಟ್ಟಡದ ಹೊಲಸು ಬೇರೆಯೇ ಜಾತಿಯದು. ಕೋಶಗಳಿಗೆ ಹಾಕುವ ಊಟ ನೋಡಲು ಗುಲಾಬಿ ಷರಬತ್ತಿನ ಹಾಗಿರುತ್ತದೆ. ಸಕ್ಕರೆ, ಉಪ್ಪು, ಅದರ ಜೊತೆಗೆ ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದ ತಿಳಿ. ಕೋಶಗಳು ಅದನ್ನು ಕುಡಿದು, ಅದರಲ್ಲೇ ಉಚ್ಚೆ ಹೊಯ್ದು, ಅದು ಹಳದಿಯಾಗುತ್ತಾ ಬಂದಾಗ ಮೇಲಿನವರು ಸಣ್ಣ ಕೊಳವೆಯಿಂದ ಎಳೆದು ದೊಡ್ಡ ಗಾಜಿನ ಬಾಟಲಿಗೆ ಇಳಿಸುತ್ತಾರೆ. ಆ ಬಾಟಲಿಯೊಳಗೆ ಮೊದಲೇ ಬ್ಲೀಚು ಹಾಕಿಡಬೇಕು, ಬಿದ್ದದ್ದೆಲ್ಲ ಅಲ್ಲೇ ಸಾಯಬೇಕು. ಇದು ನಿಯಮ. ಆದರೆ ಓದುವ ಮಕ್ಕಳಿಗೆ ಪರೀಕ್ಷೆ, ಪ್ರೇಮ, ಲೇಖನ ಎಂದು ನೂರು ಗಡಿಬಿಡಿ. ಬ್ಲೀಚು ಮರೆಯುತ್ತಾರೆ. ರಜೆಯ ನಂತರದ ದಿನ ಬಾಟಲಿ ಕೆಳಗೆ ಬಂದಾಗ ಮೇಲೆ ಕೆನೆಗಟ್ಟಿರುತ್ತದೆ. ಕೆನೆಯ ಮೇಲೆ ಬೂದು ರೋಮ. ಅಲುಗಿಸಿದರೆ ಒಳಗೆ ಲೋಳೆಯ ಎಳೆಗಳು ಹಾವಿನ ಮರಿಯ ಹಾಗೆ ಹೊರಳುತ್ತವೆ. ಸತ್ತ ಇಲಿಯನ್ನು ಸಕ್ಕರೆ ಪಾಕದಲ್ಲಿ ಅದ್ದಿಟ್ಟರೆ ಏನು ನಾತ ಬರಬಹುದೋ ಆ ನಾತ.

ಅದನ್ನು ಚೆಲ್ಲುವುದೆಲ್ಲಿ? ನೆಲಮಾಳಿಗೆಯ ಸಿಂಕಿಗೆ. ಆ ಕೋಣೆಗೆ ಇದ್ದದ್ದು ಒಂದೇ ಸಿಂಕು, ಒಂದೇ ನಲ್ಲಿ. ನಲ್ಲಿಯ ಮೂತಿಗೆ ಸಿಕ್ಕಿಸಿದ ರಬ್ಬರ್ ಪೈಪು. ಅದೇ ಪೈಪಿನಿಂದ ಬಾಟಲಿ ತೊಳೆಯುವುದು, ಅದನ್ನೇ ಎಳೆದು ಕುಡಿಯುವ ನೀರಿನ ಕ್ಯಾನು ತುಂಬುವುದು. ಕೆಲಸದವರು ಬುತ್ತಿ ಬಿಚ್ಚುವ ಬೆಂಚು ಸಿಂಕಿನಿಂದ ಕೈಚಾಚಿದರೆ ಸಿಗುವಷ್ಟು ದೂರ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವನು ಆ ಕೋಣೆಯಲ್ಲಿ ಒಂದು ದಿನ ಉಂಡಿದ್ದರೆ, ಕೈ ಕೆಸರಾದರೆ ಬಾಯಿಯೂ ಕೆಸರು ಎಂದು ತಿದ್ದಿಕೊಳ್ಳುತ್ತಿದ್ದ.

ನಿಯಮ ಮೇಲಿನವರದಾದರೆ ಕೆಳಗಿನವರದು ಕಣ್ಣಳತೆ. ಬಾಟಲಿ ಗುಲಾಬಿಯೋ ಹಳದಿಯೋ ಆಗಿದ್ದರೆ ಬ್ಲೀಚು ಬಿದ್ದಿಲ್ಲ, ಒಳಗಿನದು ಜೀವಂತ. ಬ್ಲೀಚು ಬಿದ್ದರೆ ಬಣ್ಣ ಹಾರಿಹೋಗಿ ತಿಳಿಯಾಗುತ್ತದೆ. ಆಸ್ಪತ್ರೆಯ ಬಟ್ಟೆಯ ಕಾಲದಿಂದಲೂ ಬ್ಲೀಚಿನಲ್ಲಿ ಮುಳುಗಿದ್ದ ಅವಳ ಮೂಗು ಯಾವತ್ತೋ ಸತ್ತಿತ್ತು. ತೀರಾ ಕೊಳೆತದ್ದು ಬಿಟ್ಟರೆ ಮಿಕ್ಕ ವಾಸನೆ ಅವಳಿಗೆ ಹತ್ತುತ್ತಿರಲಿಲ್ಲ. ಹಾಗಾಗಿ ನಂಬಿಕೆಯೆಲ್ಲ ಕಣ್ಣಿನ ಮೇಲೆ. ನಾದಿನಿಯನ್ನು ಕೆಲಸಕ್ಕೆ ಕರೆತಂದಾಗ ಕಲಿಸಿದ ಮೊದಲ ಪಾಠವೂ ಅದೇ: "ಬಣ್ಣ ಇದ್ರೆ ಬ್ಲೀಚು, ಬಣ್ಣ ಹೋದ್ರೆ ಚೆಲ್ಲು. ಇಷ್ಟೇ ಪುಟ್ಟಿ, ಇದಕ್ಕೆ ಡಿಗ್ರಿ ಬೇಕಾಗಿಲ್ಲ."

ನಾದಿನಿ ಎಂದರೆ ಗಂಡನ ಕೊನೆಯ ತಂಗಿ, ಒಂದೇ ಮನೆಯಲ್ಲಿ ಇರುವವಳು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದವಳನ್ನು "ಅಲ್ಲೇನು ಧೂಳು ತಿಂತೀಯ, ಬಾರೇ, ಇದು ವಿಜ್ಞಾನಿಗಳ ಬಿಲ್ಡಿಂಗು, ನೆಲ ನೋಡಿದ್ರೆ ಮುಖ ಕಾಣುತ್ತೆ" ಎಂದು ಹುರಿದುಂಬಿಸಿ ಬಿಡಿಸಿ ತಂದದ್ದು ಬಾಟಲಿ ಅಕ್ಕನೇ. ನೆಲದಲ್ಲಿ ಮುಖ ಕಾಣುತ್ತಿದ್ದದ್ದು ನಿಜ, ಮೇಲಿನ ಮಹಡಿಗಳಲ್ಲಿ.

ಮೇಲಿನವರಲ್ಲಿ ಕೆಳಗಿಳಿದು ಮಾತಾಡುತ್ತಿದ್ದದ್ದು ಒಬ್ಬಳೇ, ದಪ್ಪ ಕನ್ನಡಕದ ಸಂಶೋಧನಾ ವಿದ್ಯಾರ್ಥಿನಿ. ಅವಳೊಮ್ಮೆ ಇಬ್ಬರನ್ನೂ ಮೇಲೆ ಕರೆದುಕೊಂಡು ಹೋಗಿ, ಕತ್ತಲೆ ಕೋಣೆಯ ಪರದೆಯ ಮೇಲೆ ತನ್ನ ಕೋಶಗಳನ್ನು ತೋರಿಸಿದ್ದಳು.

ಪರದೆಯ ಮೇಲೆ ಒಂದು ಕೋಶ, ಚಪ್ಪಟೆಯಾಗಿ ಹರಡಿಕೊಂಡು ಬಿದ್ದಿತ್ತು. ನೋಡುತ್ತಿದ್ದ ಹಾಗೆ ಅದರ ಅಂಚು ಲಂಗದ ನೆರಿಗೆಯಂತೆ ಮೇಲೆದ್ದಿತು, ಗಾಳಿಗೆ ಹಾರಿದ ಹಾಗೆ ಅಲುಗಿ, ಮಡಚಿಕೊಂಡು ತನ್ನ ಮೇಲೆ ತಾನೇ ಬಿದ್ದಿತು. ಬೀಳುವಾಗ ಹೊರಗಿನ ನೀರಿನ ಒಂದು ಗುಟುಕು ಒಳಗೆ ಸಿಕ್ಕಿಕೊಂಡು ದೊಡ್ಡ ಗುಳ್ಳೆಯಾಯಿತು. ಇನ್ನೊಂದು ನೆರಿಗೆ, ಇನ್ನೊಂದು ಗುಳ್ಳೆ. ನೀರಿಗೆ ಬೆರೆಸಿದ್ದ ಬಣ್ಣದಿಂದ ಗುಳ್ಳೆಗಳೆಲ್ಲ ಹಸಿರಾಗಿ ಉರಿಯುತ್ತಿದ್ದವು. ಕೊನೆಗೆ ಕೋಶದ ಮೈತುಂಬ ಬೊಬ್ಬೆ ಎದ್ದ ಹಾಗೆ ಕಂಡಿತು.

"ಥೂ, ಸಿಡುಬು ಎದ್ದಂಗಿದೆ" ಎಂದಳು ನಾದಿನಿ.

"ಕುಡೀತಾ ಇದೆ" ಎಂದು ಕನ್ನಡಕದವಳು ನಕ್ಕಳು. "ಬೇರೆ ಥರ ಕುಡಿಯುವಾಗ ಬೇಕಾದ್ದನ್ನ ಆರಿಸಿಕೊಂಡು ಒಳಗೆ ತಗೊಳ್ಳುತ್ತೆ ಅಕ್ಕ. ಹೀಗೆ ಕುಡಿಯುವಾಗ ಆರಿಸೋದೇ ಇಲ್ಲ. ಸುತ್ತ ಏನಿದ್ಯೋ ಅದೇ ಗುಟುಕು. ಆಮೇಲೆ ಗುಳ್ಳೆಯೊಳಗೆ ಹುಳಿ ಬಿಟ್ಟು ಕರಗಿಸಿ, ಬೇಕಾದ್ದು ಇಟ್ಕೊಂಡು, ನೀರನ್ನ ವಾಪಸ್ ಹೊರಗೆ ಹಾಕುತ್ತೆ. ನಮ್ಮ ಮೈಯಲ್ಲಿ ಕಾವಲು ಕಾಯೋ ಕೋಶಗಳೂ ಹೀಗೇ ಮಾಡ್ತವೆ, ಹೊರಗಿನಿಂದ ಯಾವ ಶತ್ರು ಬಂದಿದೆ ಅಂತ ರುಚಿ ನೋಡೋಕೆ. ಇದು ಕ್ಯಾನ್ಸರ್ ಕೋಶ. ಇದಕ್ಕೆ ಹಸಿವು ಜಾಸ್ತಿ, ಅದಕ್ಕೇ ಸಿಕ್ಕಿದ್ದೆಲ್ಲ ನುಂಗುತ್ತೆ."

"ಹಿಂದೆ ಮುಂದೆ ನೋಡ್ದೆ ಕುಡಿಯೋದಾ? ನಮ್ಮನೆ ಪೇಂಟರೂ ಹಾಗೇ ಕಣಮ್ಮ" ಎಂದಳು ಬಾಟಲಿ ಅಕ್ಕ. ಪೇಂಟರ್ ಅಂದರೆ ಅವಳ ಗಂಡ. "ನಮ್ಮಣ್ಣನ್ನ ಯಾಕೆ ಎಳೀತೀಯ ಅತ್ತಿಗೆ" ಎಂದು ನಾದಿನಿ ತಿವಿದಳು. ಮೂವರೂ ನಕ್ಕರು. ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಇಲ್ಲಿಯವರೆಗೆ ನಾತವಿತ್ತು, ಸಂಕಟವಿರಲಿಲ್ಲ. ಸಂಕಟ ಬಂದದ್ದು ಒಂದು ರಜೆಯ ಮಾರನೆಯ ದಿನ.

ಮೇಲಿನಿಂದ ಬಾಟಲಿಗಳು ಇಳಿದು ಬಂದವು. ಒಂದು ತಿಳಿಯಾಗಿತ್ತು. ಬಣ್ಣವೆಂದರೆ ಒಣಹುಲ್ಲು ನೆನೆಸಿದ ನೀರಿನಷ್ಟು. ಬ್ಲೀಚು ಬಿದ್ದಿದೆ ಎಂದುಕೊಂಡು ಬಾಟಲಿ ಅಕ್ಕ ಎತ್ತಿ ಸಿಂಕಿಗೆ ಸುರಿದಳು. ಸಿಂಕಿನ ಗಂಟಲು ಆಗಲೇ ಕಟ್ಟಿಕೊಂಡಿತ್ತು. ಹಳೇ ಲೋಳೆ, ಕಾಗದದ ಚೂರು, ಯಾರದೋ ಕೂದಲು. ಸುರಿದದ್ದು ಇಳಿಯದೆ ಗೇಣುದ್ದ ನಿಂತಿತು. ನಲ್ಲಿಯ ಪೈಪು ಅದರೊಳಗೇ ತಲೆ ಮುಳುಗಿಸಿಕೊಂಡು ಬಿದ್ದಿತ್ತು. ನಲ್ಲಿ ತಿರುಗಿಸಿದರೆ ನೀರಿಲ್ಲ. ಕೆಳಗೆ ನೀರು ಹೀಗೆ ನಿಂತು ನಿಂತು ಬರುವುದು ಹೊಸದೇನಲ್ಲ. ನಲ್ಲಿ ತೆರೆದೇ ಬಿಟ್ಟು, ಸಿಂಕಿನ ಗಂಟಲು ಕೆದಕಲು ಸರಿಗೆ ಹುಡುಕಿಕೊಂಡು ಹೋದಳು.

ಆಮೇಲೆ ಪ್ಲಂಬರ್ ಬಿಡಿಸಿ ಹೇಳಿದ್ದು ಇದು: ಮೇಲಿನ ಮಹಡಿಯವರು ನೀರು ಎಳೆದಾಗ ಕೆಳಗಿನ ಕೊಳವೆ ಖಾಲಿಯಾಗಿ, ತೆರೆದ ನಲ್ಲಿಯ ಮೂಲಕ ಸಿಂಕಿನಲ್ಲಿದ್ದದ್ದನ್ನೇ ಹಿಂದಕ್ಕೆ ಹೀರಿಕೊಂಡಿತ್ತು. ಪೈಪೂ ಆರಿಸಲಿಲ್ಲ. ಸುತ್ತ ಇದ್ದದ್ದೇ ಗುಟುಕು.

ಬಾಟಲಿ ಅಕ್ಕ ಸರಿಗೆ ತಂದು ಸಿಂಕು ಕೆದಕಿ, ಕೊಳೆ ಇಳಿಸಿ, ಉಜ್ಜಿದಳು. ಅಷ್ಟರಲ್ಲಿ ನೀರು ಬಂತು. ನೀರು ಮತ್ತೆ ನಿಂತೀತೆಂಬ ಅವಸರದಲ್ಲಿ ನಾದಿನಿ ಪೈಪನ್ನು ಹಾಗೇ ಎಳೆದು ಕ್ಯಾನಿಗೆ ಬಿಟ್ಟಳು. ಪೈಪು ಕುಡಿದದ್ದೆಲ್ಲ ಮೊದಲ ಹೊಡೆತಕ್ಕೇ ಕ್ಯಾನಿಗೆ ಕಾರಿಕೊಂಡಿತು.

ಊಟದ ಹೊತ್ತಿಗೆ ನಾದಿನಿ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.

"ಅತ್ತಿಗೆ, ನೀರು ಯಾಕೋ ಲೋಳೆ ಲೋಳೆ. ಸಪ್ಪೆ ಸಿಹಿ."

"ಕುಡಿಯೇ ಸುಮ್ನೆ. ಬಂದ್ಬಿಟ್ಳು ದೊಡ್ಡ ರಾಣಿ."

"ನಿಜವಾಗ್ಲೂ. ನೋಡು ಬೇಕಾದ್ರೆ."

ಅತ್ತಿಗೆ ಬಗ್ಗಿ ನೋಡಿದಳು. ತಿಳಿಯಾಗಿಯೇ ಇತ್ತು. ಮೂಗಿಗೆ ಹಿಡಿದಳು, ಆ ಮೂಗಿಗೆ ಏನು ಗೊತ್ತಾದೀತು? ತಾನೂ ಲೋಟ ತುಂಬ ಗಟಗಟ ಕುಡಿದು, ನಾದಿನಿಯ ಲೋಟವನ್ನೂ ಮತ್ತೆ ತುಂಬಿ ಕೈಗೆ ಕೊಟ್ಟಳು. "ಹೊಸ ಕ್ಯಾನಿನ ರುಚಿ ಅಷ್ಟೆ. ಕುಡಿ." ನಾದಿನಿ ಕಣ್ಣು ಮುಚ್ಚಿ ಕುಡಿದಳು.

ಲೋಟ ಕೆಳಗಿಡುವ ಹೊತ್ತಿಗೆ ಕನ್ನಡಕದವಳು ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದಳು.

"ಅಕ್ಕ, ನನ್ನ ಬಾಟ್ಲಿ ಎಲ್ಲಿ? ತಿಳಿ ಇತ್ತಲ್ಲ ಅದು? ಅದಕ್ಕೆ ಬ್ಲೀಚು ಹಾಕೋದು ಮರೆತಿದ್ದೆ!"

"ಬಣ್ಣ ಹೋಗಿತ್ತಲ್ಲಮ್ಮ."

"ಬಣ್ಣ ಇರಲೇ ಇಲ್ಲ ಅಕ್ಕ. ಸೂಕ್ಷ್ಮದರ್ಶಕಕ್ಕೆ ಇಡುವಾಗ ಗುಲಾಬಿ ಇರದ ನೀರೇ ಹಾಕೋದು, ಇಲ್ಲದಿದ್ರೆ ಚಿತ್ರ ಮಬ್ಬಾಗುತ್ತೆ. ಆವತ್ತು ತೋರಿಸಿದ್ನಲ್ಲ, ಆ ಹೊಳೆಯೋ ಬಣ್ಣ ಅದರಲ್ಲಿತ್ತು." ಅವಳ ಕಣ್ಣು ಸಿಂಕಿಗೆ, ಸಿಂಕಿನಿಂದ ಪೈಪಿಗೆ, ಪೈಪಿನಿಂದ ಕ್ಯಾನಿಗೆ, ಕ್ಯಾನಿನಿಂದ ಲೋಟಕ್ಕೆ ಹರಿಯಿತು. ಮೇಲೆ ಓಡಿಹೋಗಿ ಕೈಯಲ್ಲಿ ಹಿಡಿಯುವ ನೀಲಿ ದೀಪವನ್ನೂ, ಕಣ್ಣಿಗೆ ಅಡ್ಡ ಹಿಡಿದು ನೋಡುವ ಕಿತ್ತಳೆ ಬಣ್ಣದ ಹಾಳೆಗಳನ್ನೂ ತಂದಳು. ಕೋಣೆಯ ದೀಪ ಆರಿಸಿ, ಬಾಗಿಲು ಹಾಕಿ, ನೀಲಿ ದೀಪ ಹಚ್ಚಿದಳು.

ನೀಲಿ ಬೆಳಕು ಬಿದ್ದಲ್ಲೆಲ್ಲ ಹಸಿರು. ಸಿಂಕಿನ ಅಂಚು ಹಸಿರು. ಪೈಪಿನ ಮೂತಿ ಹಸಿರು. ಕ್ಯಾನಿನ ನೀರು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯಿತು. ಊಟದ ಬೆಂಚಿನ ಮೇಲೆ ಲೋಟ ಇಟ್ಟ ಉಂಗುರದ ಗುರುತು ಹಸಿರು. ಕನ್ನಡಕದವಳು ದೀಪ ತಿರುಗಿಸಿದಾಗ ಬೆಳಕು ನಾದಿನಿಯ ಮುಖಕ್ಕೆ ಬಿತ್ತು. ತುಟಿಯಂಚು, ಗಲ್ಲಕ್ಕೆ ಇಳಿದ ಒಂದು ಹನಿಯ ಜಾಡು, ಹಸಿರು.

ನಾದಿನಿಗೆ ತನ್ನ ಮುಖ ಕಾಣಲಿಲ್ಲ, ಅತ್ತಿಗೆಯ ಮುಖ ಕಂಡಿತು. ಅಲ್ಲೂ ಅದೇ ಹಸಿರು. ಅಷ್ಟು ಸಾಕಾಯಿತು. ಬಗ್ಗಿ ಕಾರಿದಳು. ಉಂಡ ಅನ್ನ, ಕುಡಿದ ನೀರು, ಆಮೇಲೆ ಬರೀ ಪಿತ್ತ. ಕಾರಿದ್ದರ ಮೇಲೂ ದೀಪದ ಬೆಳಕು ಬಿದ್ದಿತ್ತು. ಅದೂ ಹೊಳೆಯುತ್ತಿತ್ತು.

"ಆರ್ಸೇ ಅದನ್ನ!" ಎಂದು ಬಾಟಲಿ ಅಕ್ಕ ಕಿರುಚಿದಳು.

ಕ್ಯಾನ್ಸರ್ ಕೋಶಗಳ ಎಂಜಲು. ಅವು ಕುಡಿದು ಉಗುಳಿದ ನೀರನ್ನು ತಾನು ನಾದಿನಿಯ ಕೈಗೆ ಕೊಟ್ಟು, ರಾಣಿ ಎಂದು ಮೂದಲಿಸಿ ಕುಡಿಸಿದ್ದಳು.

ಮೂವರೂ ಮೇಲೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದರು. ಆತನಿಗೆ ಕೆಳಗಿನವರಿಟ್ಟ ಹೆಸರು ಸೆಂಟು ಸಾರ್. ಆತ ಬರುವ ಮೊದಲು ಸೆಂಟು ಬರುತ್ತದೆ, ಹೋದ ಮೇಲೂ ಸೆಂಟು ಕೂತಿರುತ್ತದೆ. ಕೇಳಿಸಿಕೊಂಡ ಸೆಂಟು ಸಾರ್ ನಯವಾಗಿಯೇ ಹೇಳಿದರು.

"ಹೆದರ್ಬೇಡಿ. ನಿಮಗೇನೂ ಆಗಲ್ಲ. ಆ ಸೆಲ್ಲುಗಳು ಹೊಟ್ಟೆಯಲ್ಲಿ ಬದುಕಲ್ಲ, ಹೊಟ್ಟೆಯ ಹುಳಿಗೆ ಸತ್ತು ಹೋಗ್ತವೆ. ಆ ಬಣ್ಣದಿಂದಲೂ ತೊಂದರೆ ಇಲ್ಲ. ಕ್ಯಾನ್ಸರ್ ಹಾಗೆಲ್ಲ ಅಂಟೋದಿಲ್ಲ."

ಅದು ಸತ್ಯವೇ. ಕನ್ನಡಕದವಳೂ ಹೌದೆಂದು ತಲೆಯಾಡಿಸಿದಳು. ಆದರೆ ಸೆಂಟು ಸಾರ್ ಅಲ್ಲಿಗೆ ನಿಲ್ಲಿಸಲಿಲ್ಲ. "ಬಣ್ಣ ನೋಡಿ ಚೆಲ್ಲಿ ಅಂತ ಯಾರು ಹೇಳಿದ್ದು ನಿಮಗೆ? ನಿಯಮ ಬಾಗಿಲ ಮೇಲೇ ಅಂಟಿಸಿದೆಯಲ್ಲ. ತಪ್ಪು ನಿಮ್ಮದೇ ಅಲ್ವಾ?"

"ತಪ್ಪು ನಂದೇ ಸಾರ್" ಎಂದಳು ಬಾಟಲಿ ಅಕ್ಕ. "ಬಣ್ಣ ನಂಬಿದ್ದು ನನ್ನ ತಪ್ಪು. ಬ್ಲೀಚು ಮರೆತಿದ್ದು ಈ ಹುಡುಗಿ ತಪ್ಪು. ಹೇಲೋದಕ್ಕೂ ಉಣ್ಣೋದಕ್ಕೂ ಒಂದೇ ತಟ್ಟೆ ಕೊಟ್ಟಿದ್ದು ಯಾರ ತಪ್ಪು?"

ಸೆಂಟು ಸಾರ್ ಕರ್ಚೀಫಿನಿಂದ ಬಾಯೊರೆಸಿಕೊಂಡು, ಇಂಥ ಭಾಷೆ ಇಲ್ಲಿ ಬೇಡ ಎಂದರು. ಭಾಷೆಯ ವಾಸನೆ ಬಂತು ಅವರಿಗೆ. ಕೆಳಗಿನ ಕೋಣೆಯದು ಬಂದಿರಲಿಲ್ಲ.

ಮನೆಯಲ್ಲಿ ನಾದಿನಿ ಹಾಸಿಗೆ ಹಿಡಿಯಲಿಲ್ಲ, ಜ್ವರ ಬರಲಿಲ್ಲ. ಹಲ್ಲು ಮಾತ್ರ ತಿಕ್ಕಿದಳು, ಒಸಡಿನಲ್ಲಿ ರಕ್ತ ಬರುವವರೆಗೆ ತಿಕ್ಕಿದಳು. ಅತ್ತಿಗೆ ಲೋಟದಲ್ಲಿ ನೀರು ತಂದುಕೊಟ್ಟರೆ ಮುಖ ತಿರುಗಿಸಿದಳು.

"ಆಸ್ಪತ್ರೆಗೆ ಹೋಗಿ ತೋರಿಸಿದ್ವಿ, ಡಾಕ್ಟ್ರೂ ಏನೂ ಇಲ್ಲ ಅಂದ್ರಲ್ಲ ಪುಟ್ಟಿ."

"ನಂಗೂ ಗೊತ್ತು ಏನೂ ಆಗಲ್ಲ ಅಂತ. ಆದ್ರೆ ನಿನ್ನ ಕೈಲಿ ಲೋಟ ಕಂಡ್ರೆ ಆ ಹಸಿರು ಕಾಣುತ್ತೆ. ಅಲ್ಲಿ ಬೇರೆ ನಲ್ಲಿ ಹಾಕಿಸು ಅತ್ತಿಗೆ. ಹಾಕಿಸಿದ ದಿನ ಬಂದು ನಿನ್ನ ಕೈಯಿಂದಲೇ ಅಲ್ಲೇ ಕುಡೀತೀನಿ. ಅಲ್ಲೀವರೆಗೂ ನಿನ್ನ ಕೈ ನೀರು ನಂಗೆ ಬೇಡ."

ಒಳಗಿನಿಂದ ಅತ್ತೆ, "ಬಾಟ್ಲಿ ತೊಳೆಯೋಕೆ ಹೋಗಿ ಮನೆ ತೊಳ್ಕೊಂಡು ಬಂದ್ಲು" ಎಂದು ಗೊಣಗಿದರು. ಬಾಟಲಿ ಅಕ್ಕ ಕೊಡಬೇಕಾದದ್ದು ಮಾತಲ್ಲ, ನಲ್ಲಿ.

ಅದಾದ ಮೇಲೆ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ನೆಲಮಾಳಿಗೆಯವರನ್ನೆಲ್ಲ ಬೆಂಚಿನ ಸುತ್ತ ಕೂರಿಸಿದಳು. ಗುಡಿಸುವವರು, ಕಸ ಹೊರುವವರು, ಗಾಜು ಬೇಯಿಸುವ ಹಬೆಯಂತ್ರದ ಅಣ್ಣ. ಘೋಷಣೆ ಬೇಡ, ಬಾವುಟ ಬೇಡ ಎಂದಳು. ಬೇರೆ ಕೆಲಸವೆಲ್ಲ ಮಾಡೋಣ, ಕೋಶಗಳ ಹೊಲಸು ಎಳೆದು ತುಂಬುವ ಬಾಟಲಿ ಮಾತ್ರ ಮುಟ್ಟುವುದು ಬೇಡ.

"ಕೆಲಸದಿಂದ ತೆಗೆದ್ರೆ?" ಎಂದ ಹಬೆಯಂತ್ರದ ಅಣ್ಣ.

"ತೆಗೆದ್ರೆ ಅವ್ರೇ ಚೆಲ್ಲಬೇಕಲ್ಲಣ್ಣ. ಚೆಲ್ಲಲಿ ನೋಡೋಣ."

ಬಾಟಲಿಗಳು ಮೇಲೆಯೇ ಉಳಿದವು. ತುಂಬಿದವು. ತುಂಬಿದ ಮೇಲೆ ಬೀಕರಿಗೆ ಎಳೆದರು, ಬೀಕರು ತುಂಬಿತು. ಬ್ಲೀಚು ಮರೆಯುವ ಚಟ ಒಂದೇ ಸಲಕ್ಕೆ ಬಿಡುವುದಿಲ್ಲ; ಕೆನೆ ಕಟ್ಟಿತು, ರೋಮ ಬಂತು, ಮುಖ ಕಾಣುವ ನೆಲದ ಮೇಲೆ ಹಳದಿ ತೊಟ್ಟಿಕ್ಕಿ ಚಪ್ಪಲಿಗೆ ಅಂಟಿತು. ನಾತ ಏಣಿಯಿಲ್ಲದೆ ಮಹಡಿ ಹತ್ತಿತು. ಗಾಳಿಯ ಯಂತ್ರ ಅದನ್ನು ಪ್ರತಿ ಕೋಣೆಗೂ ಪ್ರಾಮಾಣಿಕವಾಗಿ ಹಂಚಿತು. ಅತಿಥಿಗಳ ಕೋಣೆಯಲ್ಲಿ ಯಾರೋ ಬಿಸ್ಕತ್ತು ಕಚ್ಚಿ ಹಾಗೇ ಕೆಳಗಿಟ್ಟರಂತೆ. ಇಬ್ಬರು ಹುಡುಗರು ಧೈರ್ಯ ಮಾಡಿ ಒಂದು ಬಾಟಲಿ ಎತ್ತಿದರು, ಮೆಟ್ಟಿಲ ತಿರುವಿನಲ್ಲಿ ಅದು ತುಳುಕಿ ಒಬ್ಬನ ಶರ್ಟಿನೊಳಗೆ ಇಳಿಯಿತು, ಇನ್ನೊಬ್ಬ ಅಲ್ಲೇ ಗೋಡೆ ಹಿಡಿದು ಓಕರಿಸಿದ. ಬಾಟಲಿ ಮತ್ತೆ ಮೇಲಕ್ಕೆ ಹೋಯಿತು.

ಊರಿಗೆ ಬಂದವರು ನೀರಿಗೆ ಬರಲೇಬೇಕು. ಸೆಂಟು ಸಾರ್ ಮೂಗಿಗೆ ಕರ್ಚೀಫು ಹಿಡಿದು ನೆಲಮಾಳಿಗೆಗೆ ಇಳಿದರು. ಅವರು ಆ ಕೋಣೆ ನೋಡಿದ್ದು ಅದೇ ಮೊದಲು. ಸಿಂಕು ನೋಡಿದರು, ಪೈಪು ನೋಡಿದರು, ಬೆಂಚಿನ ಮೇಲಿನ ಬುತ್ತಿ ನೋಡಿದರು. "ಕೂತ್ಕೊಳ್ಳಿ ಸಾರ್, ನೀರು ಕೊಡ್ಲಾ?" ಎಂದು ಹಬೆಯಂತ್ರದ ಅಣ್ಣ ಕೇಳಿದ. ಬೇಡ ಎಂದು ಕೈಯಾಡಿಸಿದ ವೇಗಕ್ಕೆ ಕರ್ಚೀಫು ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಆಯ್ತು. ಬೇರೆ ನಲ್ಲಿ ಹಾಕಿಸ್ತೀನಿ. ಬಾಗಿಲ ಆಚೆ ಗೋಡೆಗೆ. ಬಾಟ್ಲಿ ಇಳಿಸಿ ಈಗ."

ಪ್ಲಂಬರ್ ಅವತ್ತೇ ಬಂದ. ಹಳೇ ಪೈಪನ್ನು ನೋಡಿ, ಅದು ಹೀರಿಕೊಂಡ ಕಥೆಯನ್ನು ವಿವರಿಸಿದ. ಬಾಗಿಲ ಆಚೆ ಗೋಡೆಗೆ ಟೇಪು ಹಿಡಿದು, ಸೀಮೆಸುಣ್ಣದಿಂದ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ನಲ್ಲಿ ಬರುವಲ್ಲಿ ಒಂದು ಸೊನ್ನೆ ಬರೆದ. "ಕೊಳವೆ ಬಂದ ತಕ್ಷಣ ಕೂರಿಸ್ತೀನಿ ಅಕ್ಕ" ಎಂದು ಚೀಲ ಹೆಗಲಿಗೇರಿಸಿದ. ಬಾಟಲಿಗಳು ಕೆಳಗಿಳಿದವು. ಬಾಟಲಿ ಅಕ್ಕ ಅವಕ್ಕೆಲ್ಲ ತಾನೇ ಬ್ಲೀಚು ಸುರಿದು, ಕಾದು, ಚೆಲ್ಲಿದಳು. ಮನೆಗೆ ಹೋಗಿ, "ಗುರುತು ಹಾಕಿದಾರೆ ಪುಟ್ಟಿ" ಎಂದಳು. ನಾದಿನಿ, "ಗುರುತು ಕುಡಿಯೋಕಾಗುತ್ತಾ?" ಎಂದಳು.

ಆ ಹುಡುಗಿಯ ಬಾಯಿಗೆ ಸಕ್ಕರೆ ಹಾಕಬೇಕು. ಕೊಳವೆ ಬರಲಿಲ್ಲ. ಬಂದದ್ದು ಒಂದು ಬೋರ್ಡು. ನೀಟಾಗಿ ಅಚ್ಚು ಹಾಕಿಸಿ, ಸಿಂಕಿನ ನೆತ್ತಿಗೆ ನಾಲ್ಕೂ ಮೂಲೆಗೆ ಮೊಳೆ ಹೊಡೆದು ಕೂರಿಸಿದರು: ಈ ಕೋಣೆಯಲ್ಲಿ ನೀರು ಕುಡಿಯುವುದನ್ನು ನಿಷೇಧಿಸಲಾಗಿದೆ. ಕೆಲಸ ಮುಗಿಯಿತು. ಇನ್ನು ಮೇಲೆ ಅಲ್ಲಿ ಯಾರು ಏನು ಕುಡಿದರೂ ಅದು ಕುಡಿದವರ ತಪ್ಪು. ಕೇಳಲು ಹೋದರೆ, ಸುರಕ್ಷತೆಯ ಸಮಸ್ಯೆ ಬಗೆಹರಿದಿದೆ ಎಂದರು. ಮೇಲಿನ ಫಿಲ್ಟರಿನ ನೀರಿಗೆ ಹೋದರೆ, ಇದು ಸಿಬ್ಬಂದಿಗೆ ಎಂದು ಕಾವಲಿನವನು ತಡೆದ. ಹಾಗಾದರೆ ಕೆಳಗಿನವರು ಯಾರು? ಎಂಜಲೇ?

ಯಾರೂ ಸಾಯಲಿಲ್ಲ. ಒಬ್ಬರಾದರೂ ಸತ್ತಿದ್ದರೆ ಒಂದು ನಲ್ಲಿ ಬರುತ್ತಿತ್ತು, ಅದರ ಪಕ್ಕ ಒಂದು ಫೋಟೋ ಕೂಡ ಬರುತ್ತಿತ್ತು. ಬರೀ ಅಸಹ್ಯಕ್ಕೆ ಯಾರೂ ಕೊಳವೆ ಹಾಕಿಸುವುದಿಲ್ಲ. ಹೊಲಸು ಕುಡಿದು ಬದುಕಿದವರನ್ನು ಕಂಡರೆ, ಇವರಿಗೆ ಹೊಲಸು ಒಗ್ಗುತ್ತದೆ ಎಂದು ಲೆಕ್ಕ ಹಾಕುವ ಜನ ಅವರು.

ನಾದಿನಿ ಮತ್ತೆ ಗುಂಡಿ ಹೊಲಿಯಲು ಹೋದಳು. ಒಂದೇ ಸೂರಿನಡಿ ಇದ್ದಾರೆ, ಮಾತಾಡುತ್ತಾರೆ, ಜಗಳವಾಡುತ್ತಾರೆ, ಒಟ್ಟಿಗೇ ಉಣ್ಣುತ್ತಾರೆ. ನೀರು ಮಾತ್ರ ಅವಳು ತಾನೇ ಎದ್ದು ಹೋಗಿ ತುಂಬಿಕೊಳ್ಳುತ್ತಾಳೆ. ಅತ್ತಿಗೆಯ ಕೈ ಲೋಟದ ಕಡೆ ಹೋಗಿ ಹಿಂದಕ್ಕೆ ಬರುತ್ತದೆ.

ಸೀಮೆಸುಣ್ಣ ಎಷ್ಟು ದಿನ ತಾಳುತ್ತದೆ? ತೇವಕ್ಕೆ, ಭುಜ ತಾಗಿ, ಗುರುತು ಮಾಸುತ್ತದೆ. ಮಾಸಿದಾಗಲೆಲ್ಲ ಬಾಟಲಿ ಅಕ್ಕ ಅಡ್ಡಗೆರೆ, ಉದ್ದಗೆರೆ, ಸೊನ್ನೆ ಮತ್ತೆ ಬರೆಯುತ್ತಾಳೆ. ಮೇಲ್ವಿಚಾರಕ ಗೋಡೆ ಕೆಡಿಸಬೇಡ ಎಂದ. "ನಿಮ್ಮ ಪ್ಲಂಬರ್ ಬರೆದಿದ್ದು ಸಾರ್, ನಾನು ಬರೀ ಕಾಯ್ತಾ ಇದೀನಿ" ಎಂದಳು. ಸುಣ್ಣ ಬಳಿಸಿದರು. ಅದರ ಮೇಲೆ ಇದ್ದಿಲಿನಿಂದ ಬರೆದಳು.

ಇದನ್ನು ಓದುತ್ತಿರುವ ನೀವು ಎಲ್ಲೋ ಒಂದು ಕಡೆ ಕೆಲಸಕ್ಕೆ ಹೋಗುತ್ತೀರಿ. ಅಲ್ಲಿ ನಿಮ್ಮ ಲೋಟ ತೊಳೆಯುವವರು, ನಿಮ್ಮ ಕಕ್ಕಸು ತಿಕ್ಕುವವರು ಯಾವ ನಲ್ಲಿಯಿಂದ ನೀರು ಕುಡಿಯುತ್ತಾರೆ, ಗೊತ್ತೇ? ಗೊತ್ತಿಲ್ಲದಿದ್ದರೆ ನಾಳೆ ಕೆಳಗಿಳಿದು ನೋಡಿ. ಅದೇ ನಲ್ಲಿಗೆ ನಿಮ್ಮ ಲೋಟ ಹಿಡಿದು, ಅವರ ಎದುರೇ ನಿಂತು ಕುಡಿಯಿರಿ. ಗಂಟಲಿಗೆ ಇಳಿಯದಿದ್ದರೆ ಮೇಲೆ ಹತ್ತಿ ಹೋಗಿ ಬೇರೆ ನಲ್ಲಿ ಹಾಕಿಸಿ. ಬೋರ್ಡು ಬೇಡ, ಗುರುತು ಬೇಡ, ನಲ್ಲಿ ಹಾಕಿಸಿ.